ಹಕ್ಕಲಿಗೆ ಪಹಣಿ ಇಲ್ಲ

ಕಳೆದ ದೀಪಾವಳಿ ಮುಗಿದ ಮೇಲೆ ನಮ್ಮ ಬಡಾವಣೆಯ ಮಹಿಳಾ ಸಮಾಜದಲ್ಲಿ ಒಂದು ಉಪನ್ಯಾಸವಿತ್ತು. ವಿಷಯ, ಸೌರಶಕ್ತಿ. ಮಾತನಾಡಲು ಬಂದವರು ನಿವೃತ್ತ ಇಂಜಿನಿಯರು. ಸಜ್ಜನರು, ವಿಷಯ ಬಲ್ಲವರು. ಹೊಗೆಯಿಲ್ಲ, ಬೂದಿಯಿಲ್ಲ, ಸದ್ದಿಲ್ಲ ಎಂದು ಒಂದೊಂದಾಗಿ ಬೆರಳು ಮಡಿಸುತ್ತಾ ಹೋದರು. ಕೊನೆಗೆ, “ಇದರಿಂದ ಯಾರಿಗೂ ಏನೂ ತೊಂದರೆಯಿಲ್ಲ ತಾಯಂದಿರೇ. ಅದಕ್ಕೇ ಸರ್ಕಾರ ಇದಕ್ಕೆ ಪರಿಸರ ಅನುಮತಿಯೇ ಬೇಡ ಅಂದಿದೆ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ಉಪ್ಪಿಟ್ಟಿನ ತಟ್ಟೆ ಕೈಗೆ ಬಂದಾಗ ಯಾಕೋ ಅದು ಗಂಟಲಲ್ಲಿ ಇಳಿಯಲಿಲ್ಲ. “ಯಾರಿಗೂ” ಎಂದರಲ್ಲ, ಆ ಪಟ್ಟಿಯಲ್ಲಿ ನಮ್ಮ ದೊಡ್ಡಕ್ಕ ಇದ್ದಾಳೆಯೇ?

ದೊಡ್ಡಕ್ಕ ನನ್ನ ಒಡಹುಟ್ಟಿದವಳಲ್ಲ. ಪಾವಗಡ ತಾಲ್ಲೂಕಿನ ನನ್ನ ತವರಿನಲ್ಲಿ ನಾನು ಲಂಗ ಹಾಕುತ್ತಿದ್ದ ಕಾಲದಿಂದಲೂ ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದವಳು. ಆ ಸೀಮೆ ಗೊತ್ತಲ್ಲ ನಿಮಗೆ? ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಡಲೆಕಾಯಿ ಹಾಕುವುದು, ಆಕಾಶ ನೋಡುವುದು, ಸಾಲ ತೀರಿಸುವುದು, ಇಷ್ಟೇ ಬೇಸಾಯ. ಕಾಯಿ ಕಿತ್ತು ಮನೆಗೆ ಸಾಗಿಸಿದ ಮೇಲೆ ಹೊಲ ನಮ್ಮದಾಗಿ ಉಳಿಯುತ್ತಿರಲಿಲ್ಲ. ದೊಡ್ಡಕ್ಕ ಮತ್ತು ಅವಳ ಕೇರಿಯ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬಂದು ಮಣ್ಣು ಕೆದಕಿ, ಉಳಿದ ಕಾಯಿಗಳನ್ನು ಸೆರಗಿಗೆ ತುಂಬಿಕೊಳ್ಳುತ್ತಿದ್ದರು. ಇದಕ್ಕೆ ಹಕ್ಕಲು ಆಯುವುದು ಎನ್ನುತ್ತಾರೆ. ಇದನ್ನು ನಮ್ಮಪ್ಪ ಯಾವತ್ತೂ ಬೇಡವೆನ್ನಲಿಲ್ಲ, ಬಾ ಎಂದು ಕರೆಯಲೂ ಇಲ್ಲ. ಅವರು ಬರುತ್ತಿದ್ದರು, ಅಷ್ಟೆ. ಅವರು ಹೋದ ಮೇಲೆ ಕುರಿಗಳು ಬರುತ್ತಿದ್ದವು.

ಆ ಸೀಮೆಯಲ್ಲೇ ಸೋಲಾರ್ ಪಾರ್ಕು ಬಂತು. ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವಾಟ್. 2018ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಭೂಮಿಯನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ, ಅವಧಿ 28 ವರ್ಷ. ಬರದ ನೆಲಕ್ಕೆ ಇದು ಸಣ್ಣ ಮೊತ್ತವಲ್ಲ. ಒಕ್ಕಲೆಬ್ಬಿಸದೆ, ಜಮೀನಿನ ಒಡೆತನ ರೈತನಲ್ಲೇ ಉಳಿಸಿ ಮಾಡಿದ ಏರ್ಪಾಡು ಎಂದು ಹೊಗಳಿದವರ ಮಾತಿನಲ್ಲಿ ಸತ್ಯವಿದೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮನೆ ಮಠ ಕಳೆದುಕೊಂಡವರ ಕಥೆ ಕೇಳಿರುವ ನಮಗೆ ಈ ವ್ಯತ್ಯಾಸ ಅರ್ಥವಾಗುತ್ತದೆ.

ಈಗ ನನ್ನ ಗುಟ್ಟೊಂದನ್ನು ಹೇಳಿಬಿಡುತ್ತೇನೆ. ಆ ಹಣ ನನಗೂ ಬರುತ್ತದೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು 1994ರಲ್ಲಿ ನಮ್ಮ ರಾಜ್ಯವೂ 2005ರಲ್ಲಿ ಇಡೀ ದೇಶವೂ ಕಾನೂನು ಮಾಡಿತಲ್ಲ, ಅದರ ಪುಣ್ಯದಿಂದ ನನ್ನ ಹೆಸರಿಗೂ ಎರಡೆಕರೆ ಇದೆ. ಅಣ್ಣ ಕಾಗದ ತಂದ. ಊಟದ ಮೇಜಿನ ಮೇಲೆ, ಸಾರಿನ ಪಾತ್ರೆ ಪಕ್ಕಕ್ಕೆ ಸರಿಸಿ ನಾನು ಸಹಿ ಹಾಕಿದೆ. ಹೊಲದ ಕಡೆ ತಲೆ ಹಾಕಿ ಎಷ್ಟೋ ವರ್ಷವಾಗಿತ್ತು. ಮೊದಲ ವರ್ಷ 42,000 ರೂಪಾಯಿ ಬ್ಯಾಂಕಿಗೆ ಬಂದಾಗ ಮಗಳಿಗೊಂದು ರೇಷ್ಮೆ ಸೀರೆ ತೆಗೆದೆ.

ಮಾರನೆಯ ವರ್ಷ ಜಾತ್ರೆಗೆಂದು ಊರಿಗೆ ಹೋದಾಗ ದೊಡ್ಡಕ್ಕ ಸಿಕ್ಕಳು. ಹೊಲವಿದ್ದ ಜಾಗದಲ್ಲಿ ತಂತಿಬೇಲಿ. ಅದರಾಚೆಗೆ ಕಣ್ಣು ಹಾಯುವಷ್ಟು ದೂರ ನೀಲಿ ಗಾಜಿನ ಹಲಗೆಗಳು ಸಾಲಾಗಿ ಬಿಸಿಲಿಗೆ ಮುಖ ಮಾಡಿ ಕೂತಿದ್ದವು. ಅವಳ ಮಗ ಸೊಸೆ ಕೂಲಿ ಹುಡುಕಿಕೊಂಡು ಬೆಂಗಳೂರಿಗೆ ಹೋಗಿದ್ದರು. ಮೇಯಿಸಲು ಜಾಗವಿಲ್ಲವೆಂದು ಆರು ಮೇಕೆಗಳನ್ನು ಮಾರಿದ್ದಳು. “ನಿನ್ನನ್ನು ಕೇಳಲಿಲ್ಲವೇ?” ಎಂದೆ, ಪೆದ್ದಿಯ ಹಾಗೆ. ಅವಳು ನಕ್ಕಳು. “ನಿಮ್ಗೆ ಕಾಗ್ದ ಬಂತು, ದುಡ್ಡು ಬಂತು ಅಮ್ಮಣ್ಣಿ. ನಮ್ಮುನ್ಯಾರು ಕೇಳ್ತಾರೆ? ಬ್ಯಾಡ ಅನ್ನಾಕಾದ್ರೂ ಒಬ್ರು ಬಂದು ಕೇಳ್ಬೇಕಲ್ಲ?”

ಅವಳ ಈ ಮಾತಿಗೆ ಉತ್ತರ ಹುಡುಕುತ್ತಾ ನಾನು ಕಾನೂನಿನ ಪುಸ್ತಕದವರೆಗೂ ಹೋದೆ. ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಕಡ್ಡಾಯವಾದದ್ದು 1994ರಲ್ಲಿ. 1997ರಲ್ಲಿ ಅದಕ್ಕೆ ಸಾರ್ವಜನಿಕ ಅಹವಾಲು ಸೇರಿತು, ಅಂದರೆ ಯೋಜನೆ ಬರುವ ಊರಿನಲ್ಲೇ ಸಭೆ ಕರೆದು ಜನರ ಮಾತು ಕೇಳಿ ಬರೆದುಕೊಳ್ಳುವುದು. ಈಗ ನಡೆಯುತ್ತಿರುವುದು 2006ರ ಅಧಿಸೂಚನೆಯ ಪ್ರಕಾರ. ಅದರ ಪಟ್ಟಿಯಲ್ಲಿ ಕಲ್ಲಿದ್ದಲ ಸ್ಥಾವರವಿದೆ, ಗಣಿಯಿದೆ, 25 ಮೆಗಾವಾಟ್ ಮತ್ತು ಮೇಲ್ಪಟ್ಟ ಜಲವಿದ್ಯುತ್ ಇದೆ. ಗಾಳಿಯಂತ್ರ ಇಲ್ಲ. ಸೌರಫಲಕದ ಸ್ಥಾವರಗಳೂ ಇದರ ವ್ಯಾಪ್ತಿಗೆ ಬರುವುದಿಲ್ಲವೆಂದು 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಸ್ಪಷ್ಟಪಡಿಸಿತು. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಉದ್ಯಮಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸಿದಾಗ ಸೌರಫಲಕ, ಗಾಳಿಯಂತ್ರ, ಕಿರು ಜಲವಿದ್ಯುತ್ ಮೂರೂ ಬಿಳಿಯ ಪಂಗಡಕ್ಕೆ ಬಂದವು. ಬಿಳಿ ಎಂದರೆ ಮಂಡಳಿಯ ಒಪ್ಪಿಗೆ ಬೇಡ, ತಿಳಿಸಿದರೆ ಸಾಕು.

ಈ ವಿಚಿತ್ರ ನೋಡಿ. ಬೆಂಗಳೂರಿನಲ್ಲಿ ಒಬ್ಬ ಬಿಲ್ಡರು 20,000 ಚದರ ಮೀಟರಿನ ಅಪಾರ್ಟ್‌ಮೆಂಟು ಕಟ್ಟಬೇಕಾದರೆ ಪರಿಸರ ಅನುಮತಿ ತರಬೇಕು. ಮಹಡಿಗಳನ್ನೆಲ್ಲ ಬಿಡಿಸಿ ನೆಲದ ಮೇಲೆ ಹಾಸಿದರೂ ಅದು ಐದು ಎಕರೆಯಷ್ಟಾದೀತು. 13,000 ಎಕರೆಗೆ ಬೇಲಿ ಹಾಕುವುದಕ್ಕೆ ಅದು ಬೇಡ! ಏಕೆಂದರೆ ಕಾನೂನು ಅಳೆಯುವುದು ಹೊಗೆಯನ್ನು, ಕೊಳಚೆಯನ್ನು. ಹೊಲ ಮುಚ್ಚಿದರೆ ಹೊಗೆ ಬರುವುದಿಲ್ಲವಲ್ಲ.

ಭೂಸ್ವಾಧೀನ ಮಾಡಿದ್ದರೆ? 2013ರ ಕಾಯ್ದೆಯ ಪ್ರಕಾರ ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು. ಆ ಭೂಮಿಯನ್ನೇ ನಂಬಿ ಬದುಕುವ ಕೂಲಿಕಾರರನ್ನೂ ಆ ಕಾಯ್ದೆ ಬಾಧಿತ ಕುಟುಂಬವೆಂದೇ ಎಣಿಸುತ್ತದೆ. ಆದರೆ ಇಲ್ಲಿ ಸ್ವಾಧೀನವಿಲ್ಲ, ಗುತ್ತಿಗೆ. ಗುತ್ತಿಗೆ ಎಂದರೆ ಇಬ್ಬರ ನಡುವಿನ ಒಪ್ಪಂದ. ಮೂರನೆಯವರಿಗೆ ಅಲ್ಲಿ ಬಾಯಿಲ್ಲ. ಅರಣ್ಯವಾಗಿದ್ದರೆ 1980ರ ಕಾಯ್ದೆ ಅಡ್ಡ ಬರುತ್ತಿತ್ತು. ಕೂಲಿಯ ಹೊಲ, ಕುರಿ ಮೇಯುವ ಬೀಳು ಅರಣ್ಯವಲ್ಲ. ಹೀಗೆ ಒಂದೊಂದು ಬಾಗಿಲಿಂದಲೂ ನುಣುಚಿಕೊಂಡು ದೊಡ್ಡಕ್ಕ ಕಾನೂನಿನ ಮನೆಯಿಂದ ಆಚೆ ಉಳಿದುಬಿಟ್ಟಳು. ಯಾರೂ ಅವಳನ್ನು ದಬ್ಬಲಿಲ್ಲ, ಒಳಗೆ ಕರೆಯಲೂ ಇಲ್ಲ. ನನ್ನ ಹೆಸರನ್ನು ಪಹಣಿಗೆ ಏರಿಸಿದ ಕಾನೂನನ್ನು ನಾವು ಹೆಂಗಸರು ಹೋರಾಡಿ ಪಡೆದೆವು. ಹಕ್ಕಲಿಗೆ ಪಹಣಿ ಇಲ್ಲ ಎಂಬುದು ನಮಗಾರಿಗೂ ಹೊಳೆಯಲೇ ಇಲ್ಲ.

ನೀವು ಸೌರಶಕ್ತಿಯ ವಿರೋಧಿಯೇ ಎಂದು ನನ್ನನ್ನು ಕೇಳಬೇಡಿ. ನಮ್ಮ ಮನೆಯ ತಾರಸಿಯ ಮೇಲೂ ಸೋಲಾರ್ ಹೀಟರಿದೆ. ಈಚಿನ ಬೇಸಿಗೆಗಳ ಬಿಸಿಲು ಯಾರಿಗೂ ಪಾಠ ಹೇಳಿಸಿಕೊಳ್ಳಬೇಕಾದ ವಿಷಯವಲ್ಲ, ಕಲ್ಲಿದ್ದಲು ಬಿಡಲೇಬೇಕು. 2030ರ ಹೊತ್ತಿಗೆ ಕಲ್ಲಿದ್ದಲು, ಎಣ್ಣೆಗಳನ್ನು ಬಿಟ್ಟ 500 ಗಿಗಾವಾಟ್ ಸಾಮರ್ಥ್ಯ ಕಟ್ಟುತ್ತೇವೆಂದು ನಮ್ಮ ದೇಶ 2021ರಲ್ಲಿ ಗ್ಲಾಸ್ಗೊದಲ್ಲಿ ಮಾತು ಕೊಟ್ಟಿದೆ. ಕಟ್ಟಲಿ. ನನ್ನ ಜಗಳ ಸೂರ್ಯನ ಮೇಲಲ್ಲ, ಕೇಳದೆ ಕಟ್ಟುವುದರ ಮೇಲೆ. ಇಷ್ಟು ದೊಡ್ಡದಾಗಿ ಕಟ್ಟಲಿದ್ದೇವೆ ಎಂಬುದೇ ಈಗಲೇ ಕೇಳಲು ಕಾರಣ.

“ಅಹವಾಲು, ಅಧ್ಯಯನ ಅಂತ ಕೂತರೆ ಕೆಲಸ ತಡವಾಗುತ್ತದೆ” ಎನ್ನುತ್ತಾರೆ. ಎಷ್ಟು ತಡ? ಅಹವಾಲನ್ನು 45 ದಿನಗಳೊಳಗೆ ಮುಗಿಸಬೇಕೆಂದು 2006ರ ಅಧಿಸೂಚನೆಯೇ ಹೇಳುತ್ತದೆ. 28 ವರ್ಷದ ಗುತ್ತಿಗೆಗೆ 45 ದಿನ ಹೆಚ್ಚೇ? ಮಗಳಿಗೆ ಗಂಡು ನೋಡುವಾಗ ನಾವು ಅದಕ್ಕಿಂತ ಹೆಚ್ಚು ದಿನ ವಿಚಾರಿಸುವುದಿಲ್ಲವೇ?

“ಅಹವಾಲು ಬರೀ ನಾಟಕ, ಲಾರಿಯಲ್ಲಿ ಜನ ತುಂಬಿಕೊಂಡು ಬರುತ್ತಾರೆ” ಎನ್ನುವವರೂ ಇದ್ದಾರೆ. ಇರಬಹುದು. ಆದರೂ ಅಲ್ಲಿ ಒಬ್ಬ ಕೂಲಿ ಹೆಂಗಸು ಎದ್ದು ನಿಂತು “ನನ್ನ ಮೇಕೆ ಎಲ್ಲಿ ಮೇಯಬೇಕು?” ಎಂದು ಕೇಳಿದರೆ ಅದು ಬರಹದಲ್ಲಿ ಉಳಿಯುತ್ತದೆ, ನಾಳೆ ಹಸಿರು ನ್ಯಾಯಮಂಡಳಿಯ ಮುಂದೆ ಅದನ್ನು ಹಿಡಿದುಕೊಂಡು ಹೋಗಬಹುದು. ನಮ್ಮ ಊಟದ ಮೇಜಿನ ಮೇಲೆ ಆದ ಸಹಿಗೆ ಅಂಥ ಸಾಕ್ಷಿ ಇಲ್ಲ.

“ಬರಡು ನೆಲ, ಏನು ಹೋಯಿತು?” ಎಂಬುದು ಮೂರನೆಯ ಮಾತು, ನನಗೆ ಅತಿ ಹೆಚ್ಚು ಸಿಟ್ಟು ಬರಿಸುವ ಮಾತು. ಬರಡು ಎಂದು ಹೇಳುವವರು ಯಾರು? ರಾಜಸ್ಥಾನ, ಗುಜರಾತಿನ ಬರಡು ಎನಿಸಿಕೊಂಡ ಬಯಲಿನಲ್ಲೇ ಎರ್ಲಡ್ಡು ಹಕ್ಕಿ ಬದುಕಿದೆ. ವಿದ್ಯುತ್ ತಂತಿಗೆ ಬಡಿದು ಸಾಯುತ್ತಿದ್ದ ಆ ಹಕ್ಕಿಗಾಗಿ 2021ರಲ್ಲಿ ಸುಪ್ರೀಂ ಕೋರ್ಟು ತಂತಿಗಳನ್ನು ನೆಲದಡಿ ಹಾಕಿ ಎಂದಿತು. 2024ರಲ್ಲಿ ಆ ಆಜ್ಞೆಯನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಮೊದಲೇ ನೋಡಿ ಜಾಗ ಆರಿಸಿದ್ದರೆ ಹಕ್ಕಿಗೂ ಕಂಪನಿಗೂ ಕೋರ್ಟು ಹತ್ತುವ ಗೋಳಿರುತ್ತಿರಲಿಲ್ಲ. ಹಕ್ಕಿಯ ಪರವಾಗಿ ಕೋರ್ಟಿಗೆ ಹೋಗುವವರಾದರೂ ಸಿಕ್ಕರು.

ನಾನು ಕೇಳುವುದು ಬಹಳವೇನಲ್ಲ. ಇಷ್ಟು ಎಕರೆ ದಾಟಿದ ಸೌರ ಮತ್ತು ಗಾಳಿ ಯೋಜನೆಗೆ ಊರಿನಲ್ಲೇ ಅಹವಾಲು ಕಡ್ಡಾಯ ಎಂದು ಮಿತಿ ಹಾಕಲಿ. ಪಹಣಿ ಇದ್ದವರನ್ನಷ್ಟೇ ಅಲ್ಲ, ಕೂಲಿಯವರನ್ನೂ ಕುರಿಯವರನ್ನೂ ಎಣಿಸಲಿ. ಗುತ್ತಿಗೆ ಹಣದ ಜೊತೆಗೆ ಅವರಿಗೂ ವರ್ಷವರ್ಷ ಒಂದು ಪಾಲು ಮೀಸಲಿಡಲಿ. ಫಲಕ ತೊಳೆಯುವ ನೀರು ಎಲ್ಲಿಂದ, ಅವಧಿ ಮುಗಿದ ಮೇಲೆ ಕಾಂಕ್ರೀಟು ಕೀಳುವವರು ಯಾರು ಎಂಬುದನ್ನು ಮೊದಲೇ ಬರೆದಿಡಲಿ. ಪಟ್ಟಣದ ತಾರಸಿಗಳು, ನಮ್ಮ ನಿಮ್ಮ ತಾರಸಿಗಳು, ಮೊದಲು ತುಂಬಲಿ.

ಇನ್ನು ನನ್ನ ಪಾಲಿನ ಲೆಕ್ಕ. ಗುತ್ತಿಗೆ ಹಣದಲ್ಲಿ ಅರ್ಧವನ್ನು ದೊಡ್ಡಕ್ಕನಿಗೆ ಕೊಡುತ್ತೇನೆ ಎಂದು ಅಣ್ಣನಿಗೆ ಫೋನು ಮಾಡಿದೆ. “ನಿನಗೆ ತಲೆ ಕೆಟ್ಟಿದೆಯೇನೇ? ಒಬ್ಬಳಿಗೆ ಕೊಟ್ಟರೆ ಇಡೀ ಕೇರಿ ಬರುತ್ತದೆ” ಎಂದ. ಬರಲಿ ಅಣ್ಣ. ಹಕ್ಕಲು ಆಯುವಾಗ ಇಡೀ ಕೇರಿಯೇ ಬರುತ್ತಿತ್ತಲ್ಲ?