ನೀರಿನಲ್ಲಿ ಸೋಲುವ ಭೂತಗನ್ನಡಿ

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಬೆಳಕಿನ ವಕ್ರೀಭವನದ ಪಾಠ ಓದಿದ ಮಕ್ಕಳು ಮನೆಯಲ್ಲಿಯೇ ಒಂದು ಸಣ್ಣ ಪ್ರಯೋಗ ಮಾಡಬಹುದು. ಬಕೆಟ್ಟಿನ ತುಂಬ ನೀರು ತುಂಬಿ ತಳದಲ್ಲಿ ಒಂದು ನಾಣ್ಯವನ್ನು ಇಡಬೇಕು. ಬಳಿಕ ಭೂತಗನ್ನಡಿಯನ್ನು ಪೂರ್ತಿಯಾಗಿ ನೀರಿನೊಳಗೆ ಮುಳುಗಿಸಿ ಅದರ ಮೂಲಕ ನಾಣ್ಯವನ್ನು ನೋಡಬೇಕು. ಹೊರಗೆ ಅಕ್ಷರಗಳನ್ನು ದೊಡ್ಡದಾಗಿ ತೋರಿಸುತ್ತಿದ್ದ ಅದೇ ಗಾಜು ನೀರಿನೊಳಗೆ ಹೆಚ್ಚುಕಡಿಮೆ ಕಿಟಕಿಯ ಗಾಜಿನಂತೆ ನಿಷ್ಪ್ರಯೋಜಕವಾಗುತ್ತದೆ.

ಕಾರಣ ಸರಳವಾದುದು. ಮಸೂರವು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದು ಗಾಜಿನ ಗುಣವೊಂದನ್ನೇ ಅವಲಂಬಿಸಿಲ್ಲ. ಗಾಜಿಗೂ ಅದನ್ನು ಸುತ್ತುವರಿದ ಮಾಧ್ಯಮಕ್ಕೂ ಇರುವ ವ್ಯತ್ಯಾಸವನ್ನು ಅವಲಂಬಿಸಿದೆ. ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.5, ಗಾಳಿಯದು 1, ನೀರಿನದು 1.33. ಗಾಳಿಯಲ್ಲಿ ದೊಡ್ಡದಾಗಿದ್ದ ಅಂತರ ನೀರಿನಲ್ಲಿ ಕಿರಿದಾಗುತ್ತದೆ. ಲೆಕ್ಕ ಹಾಕಿದರೆ, ಗಾಳಿಯಲ್ಲಿ 10 ಸೆಂ.ಮೀ. ಸಂಗಮ ದೂರವಿರುವ ಮಸೂರಕ್ಕೆ ನೀರಿನಲ್ಲಿ ಸುಮಾರು 40 ಸೆಂ.ಮೀ. ಸಂಗಮ ದೂರ ಬರುತ್ತದೆ. ಅಂದರೆ ಅದರ ಸಾಮರ್ಥ್ಯ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.

ಸಮುದ್ರದಾಳದ ಕಿರುಜೀವಿಗಳನ್ನು ಚಿತ್ರಿಸುವ ಛಾಯಾಗ್ರಾಹಕರು ಬಳಸುವ ‘ವೆಟ್ ಲೆನ್ಸ್’ ಈ ತೊಡಕಿಗೆ ದೊರೆತ ಪರಿಹಾರ. ಕ್ಯಾಮರಾ ನೀರು ನುಗ್ಗದ ಪೆಟ್ಟಿಗೆಯೊಳಗೆ ಇರುತ್ತದೆ. ಆ ಪೆಟ್ಟಿಗೆಯ ಮುಂಭಾಗದ ಚಪ್ಪಟೆ ಗಾಜಿನ ಹೊರಗೆ, ಸಾಮಾನ್ಯವಾಗಿ 67 ಮಿ.ಮೀ. ತಿರುಪಿನ ಮೂಲಕ, ಈ ಮಸೂರವನ್ನು ಜೋಡಿಸಲಾಗುತ್ತದೆ. ಇದರ ಗಾಜುಗಳ ನಡುವೆ ಗಾಳಿಯನ್ನು ಭದ್ರವಾಗಿ ಮುಚ್ಚಿಟ್ಟಿರುವುದರಿಂದ ಬಾಗಿದ ಮೈಗೆ ನೀರು ತಾಗುವುದಿಲ್ಲ, ಸಾಮರ್ಥ್ಯವೂ ಉಳಿಯುತ್ತದೆ. ನೀರಿನೊಳಗೇ ಹಾಕಿ ತೆಗೆಯಲು ಬರುವುದು ಇದರ ಇನ್ನೊಂದು ಅನುಕೂಲ. ಪೆಟ್ಟಿಗೆಯ ಒಳಗೆ ಜೋಡಿಸಿದ ಮಸೂರವನ್ನಾದರೋ ದಡಕ್ಕೆ ಬರುವ ತನಕ ತೆಗೆಯುವಂತಿಲ್ಲ.

ಕೊಳ್ಳುವವರ ಮುಂದೆ ಮೊದಲು ಬರುವ ಪ್ರಶ್ನೆ ಸಾಮರ್ಥ್ಯದ್ದು. ಮಸೂರದ ಮೇಲೆ +5, +10, +15 ಎಂಬ ಅಂಕಿಗಳಿರುತ್ತವೆ. ಇವು ಪಾಠದಲ್ಲಿ ಬರುವ ಡಯಾಪ್ಟರ್‌ಗಳೇ. ಮೀಟರಿನಲ್ಲಿ ಹೇಳಿದ ಸಂಗಮ ದೂರದ ವ್ಯುತ್ಕ್ರಮ. +5 ಎಂದರೆ 20 ಸೆಂ.ಮೀ., +10 ಎಂದರೆ 10 ಸೆಂ.ಮೀ., +15 ಎಂದರೆ ಸುಮಾರು 6.7 ಸೆಂ.ಮೀ. ಮಸೂರ ಹಾಕಿದ ಮೇಲೆ ಕ್ಯಾಮರಾ ಸ್ಪಷ್ಟವಾಗಿ ಕಾಣಬಲ್ಲ ಅತ್ಯಧಿಕ ದೂರ ಸ್ಥೂಲವಾಗಿ ಅಷ್ಟೇ. ಆದುದರಿಂದ ಅಂಕಿ ದೊಡ್ಡದಾದಷ್ಟೂ ಜೀವಿಯ ಹತ್ತಿರ ಹೋಗಬೇಕಾಗುತ್ತದೆ. ಬರೆದ ಅಂಕಿ ನೀರಿನಲ್ಲಿನ ಸಾಮರ್ಥ್ಯವೋ ಗಾಳಿಯದೋ ಎಂದು ಕೇಳಿ ತಿಳಿದ ಬಳಿಕವೇ ಎರಡು ಮಸೂರಗಳನ್ನು ಹೋಲಿಸಬೇಕು.

ಎಷ್ಟು ಸಾಮರ್ಥ್ಯ ಸಾಕು ಎಂಬುದನ್ನು ಜೀವಿಯ ಗಾತ್ರವೇ ಹೇಳುತ್ತದೆ. 1969ರಲ್ಲಿ ನ್ಯೂ ಕ್ಯಾಲೆಡೋನಿಯಾದಲ್ಲಿ ಜಾರ್ಜ್ ಬಾರ್ಜಿಬಾನ್ ಎಂಬವರು ನೂಮಿಯಾದ ಅಕ್ವೇರಿಯಮ್ಮಿಗಾಗಿ ತಂದ ಬೀಸಣಿಗೆ ಹವಳದ ಮೇಲೆ ಪುಟ್ಟ ಕಡಲಕುದುರೆಗಳು ಕಾಣಿಸಿಕೊಂಡವು. ಮರುವರ್ಷ ಅವರ ಹೆಸರನ್ನೇ ಆ ಪ್ರಭೇದಕ್ಕೆ ಇಡಲಾಯಿತು. ಅದರ ಉದ್ದ ಎರಡೂವರೆ ಸೆಂ.ಮೀ. ಮೀರುವುದಿಲ್ಲ, ಮೈಮೇಲಿನ ಗಂಟುಗಳು ಹವಳದ ಗಂಟುಗಳನ್ನೇ ಹೋಲುತ್ತವೆ. ಇದನ್ನು ಚಿತ್ರಿಸಲು ಅತ್ಯಂತ ಬಲವಾದ ಮಸೂರ ಬೇಕೆಂದು ಹೊಸಬರು ಭಾವಿಸುವುದುಂಟು. ಆದರೆ 36 ಮಿ.ಮೀ. ಅಗಲದ ಸಂವೇದಕವಿರುವ ಕ್ಯಾಮರಾದಲ್ಲಿ ಮ್ಯಾಕ್ರೋ ಲೆನ್ಸ್ ಒಂದಕ್ಕೆ ಒಂದು ಪ್ರಮಾಣದಲ್ಲಿ ಬಿಂಬ ಮೂಡಿಸಿದರೆ 20 ಮಿ.ಮೀ. ಜೀವಿ ಚೌಕಟ್ಟಿನ ಅರ್ಧಕ್ಕಿಂತ ಹೆಚ್ಚನ್ನು ತುಂಬುತ್ತದೆ. ಅಲ್ಲಿ ಹೊರಗಿನ ಮಸೂರವೇ ಬೇಡ, ಬೇಕಾದರೂ +5 ಸಾಕು. 5 ಮಿ.ಮೀ. ಸೀಗಡಿಗೆ ಮಾತ್ರ +10 ಅಥವಾ ಅದಕ್ಕಿಂತ ಹೆಚ್ಚಿನ ಸಾಮರ್ಥ್ಯ ಸಾರ್ಥಕ.

ಹೆಚ್ಚಿನ ಸಾಮರ್ಥ್ಯಕ್ಕೆ ಬೆಲೆಯನ್ನೂ ತೆರಬೇಕು. ಒಂದಕ್ಕೆ ಒಂದು ಪ್ರಮಾಣದಲ್ಲಿ, ಎಫ್/16ರಲ್ಲಿ ಚಿತ್ರಿಸಿದಾಗ ಸ್ಪಷ್ಟವಾಗಿ ಮೂಡುವ ಪದರದ ದಪ್ಪ ಸುಮಾರು 2 ಮಿ.ಮೀ. ಮಾತ್ರ. ಪ್ರಮಾಣ ಇಮ್ಮಡಿಯಾದರೆ ಅದು 1 ಮಿ.ಮೀ.ಗಿಂತಲೂ ಕಡಿಮೆ. ಅಲೆಯ ತೊನೆತದಲ್ಲಿ ತೇಲುತ್ತಿರುವವನಿಗೆ ಒಂದು ಕಣ್ಣನ್ನಷ್ಟೇ ಸ್ಪಷ್ಟವಾಗಿ ಹಿಡಿಯುವುದೂ ಸಾಹಸವೇ ಸರಿ. ಇನ್ನು ಒಂಟಿ ಗಾಜಿನ ಅಗ್ಗದ ಮಸೂರದಲ್ಲಿ ಕೆಂಪು ನೀಲಿ ಬಣ್ಣಗಳು ಬೇರೆ ಬೇರೆ ಕಡೆ ಕೂಡಿ, ಅಂಚುಗಳಲ್ಲಿ ಬಣ್ಣದ ಗೆರೆ ಮೂಡುತ್ತದೆ. ಎರಡು ಬಗೆಯ ಗಾಜುಗಳನ್ನು ಬೆಸೆದ ‘ಅಕ್ರೊಮ್ಯಾಟ್’ ಈ ದೋಷವನ್ನು ಬಹಳಷ್ಟು ಕಡಿಮೆ ಮಾಡುತ್ತದೆ. ಸಾಮರ್ಥ್ಯ ಹೆಚ್ಚಿದಂತೆ ಇದರ ಅಗತ್ಯವೂ ಹೆಚ್ಚುತ್ತದೆ.

ಮಸೂರ ಯಾವ ಕ್ಯಾಮರಾದ ಮುಂದೆ ಕುಳಿತುಕೊಳ್ಳುತ್ತದೆ ಎಂಬುದೂ ಮುಖ್ಯ. ಕ್ಯಾಮರಾ ಲೆನ್ಸಿನ ಸಂಗಮ ದೂರವನ್ನು ಮೀಟರಿನಲ್ಲಿ ಬರೆದು ಡಯಾಪ್ಟರ್‌ನಿಂದ ಗುಣಿಸಿದರೆ, ದೂರಕ್ಕೆ ಹೊಂದಿಸಿದ ಲೆನ್ಸಿನಲ್ಲಿ ಸಿಗುವ ವರ್ಧನೆ ಸ್ಥೂಲವಾಗಿ ತಿಳಿಯುತ್ತದೆ. 100 ಮಿ.ಮೀ. ಲೆನ್ಸಿಗೆ +10 ಜೋಡಿಸಿದರೆ 0.1 × 10 = 1; 60 ಮಿ.ಮೀ.ಗೆ 0.6 ಮಾತ್ರ. ಉದ್ದನೆಯ ಜೂಮ್ ಇರುವ ಕಿರುಕ್ಯಾಮರಾಗಳಿಗೆ ಇದು ವರದಾನ. ಒಲಿಂಪಸ್ ಟಿಜಿ-6ರಂತೆ 1 ಸೆಂ.ಮೀ. ಹತ್ತಿರದಿಂದಲೇ ಚಿತ್ರಿಸುವ ‘ಮೈಕ್ರೋಸ್ಕೋಪ್’ ವ್ಯವಸ್ಥೆ ಇರುವ ಕ್ಯಾಮರಾಕ್ಕೆ ಇದರ ಅಗತ್ಯ ಕಡಿಮೆ. ಹೊಸದನ್ನು ಕೊಳ್ಳುವ ಮುನ್ನ ಕೈಯಲ್ಲಿರುವುದರ ಶಕ್ತಿಯನ್ನು ಅರಿತರೆ ಹಣ ಉಳಿಯುತ್ತದೆ.

ಬಳಕೆಯ ಕ್ರಮವೂ ಇದೆ. ನೀರಿಗಿಳಿದ ಕೂಡಲೇ ಮಸೂರವನ್ನು ಒಮ್ಮೆ ಬಿಚ್ಚಿ, ಗಾಜುಗಳ ನಡುವೆ ಸಿಲುಕಿದ ಗಾಳಿಗುಳ್ಳೆಗಳನ್ನು ಬೆರಳಿನಿಂದ ಒರೆಸಬೇಕು. ಜಾರಿ ಬೀಳದಂತೆ ದಾರ ಕಟ್ಟಿರಬೇಕು. ಮೇಲೆ ಬಂದ ಬಳಿಕ ಸಿಹಿನೀರಿನಲ್ಲಿ ತೊಳೆಯಬೇಕು.

ಇಷ್ಟೆಲ್ಲ ಲೆಕ್ಕಕ್ಕಿಂತ ಹಿರಿದಾದ ಮಾತೊಂದಿದೆ. ಮಸೂರ ಹತ್ತಿರಕ್ಕೆ ಎಳೆದಷ್ಟೂ ಜೀವಿಗೆ ಅಪಾಯ ಹತ್ತಿರವಾಗುತ್ತದೆ. ನೀರಿನಲ್ಲಿ ಅಲುಗದೆ ತೇಲಲು ಬಾರದವನ ಕಾಲಿನ ಒಂದು ಒದೆತಕ್ಕೆ ಹಲವು ವರ್ಷಗಳಲ್ಲಿ ಬೆಳೆದ ಹವಳ ಮುರಿಯಬಹುದು. ಮುಖ ತಿರುಗಿಸಿದ ಕಡಲಕುದುರೆಯನ್ನು ಕಡ್ಡಿಯಿಂದ ತಿರುಗಿಸಿ ಚಿತ್ರ ತೆಗೆಯುವ ಕೆಟ್ಟ ಅಭ್ಯಾಸವೂ ಉಂಟು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ 2001ರಲ್ಲಿ ಕಡಲಕುದುರೆಗಳೂ ಹವಳಗಳೂ ಸೇರಿದವು. ಅವನ್ನು ಹಿಡಿಯುವುದು, ಮಾರುವುದು ಶಿಕ್ಷಾರ್ಹ ಅಪರಾಧ. ಮುರುಡೇಶ್ವರದಾಚೆಯ ನೇತ್ರಾಣಿಯಲ್ಲಾಗಲಿ ಲಕ್ಷದ್ವೀಪದಲ್ಲಾಗಲಿ ಮುಂದೊಂದು ದಿನ ನೀರಿಗಿಳಿಯುವ ಮಕ್ಕಳು ಇದನ್ನು ಇಂದೇ ತಿಳಿದಿರುವುದು ಒಳಿತು.

ಮೊದಲ ಮಸೂರವಾಗಿ +5ರ ಆಸುಪಾಸಿನದನ್ನು ಅನುಭವಿಗಳು ಸೂಚಿಸುವುದಕ್ಕೆ ಇದೇ ಕಾರಣ. ಅದು ಬೆಳಕು ಬೀರಲು ಎಡೆ ಕೊಡುತ್ತದೆ, ಕೈ ತಪ್ಪಿದರೂ ಜೀವಿಗೆ ತಾಗದಷ್ಟು ಅಂತರ ಉಳಿಸುತ್ತದೆ. ತೇಲುವುದನ್ನು ಚೆನ್ನಾಗಿ ಕಲಿತ ಮೇಲೆ ಬಲವಾದ ಮಸೂರ ಕೊಂಡರೆ ತಡವೇನೂ ಆಗದು.