ಬೇಟೆಕೋವಿಯಾದ ಸೈನಿಕ ರೈಫಲು

ಮಹಾಯುದ್ಧಗಳು ಮುಗಿದ ತರುವಾಯ ಸೈನ್ಯದ ಉಗ್ರಾಣಗಳಲ್ಲಿ ಮಿಕ್ಕ ರೈಫಲುಗಳು ಅಲ್ಪಬೆಲೆಗೆ ವಿಕ್ರಯವಾಗಿ, ಬ್ರಿಟನ್, ಅಮೆರಿಕ, ಕೆನಡಾಗಳ ಬೇಟೆಗಾರರ ಕೈಸೇರಿ, ಉದ್ದನೆಯ ಮರದ ಹೊದಿಕೆಯನ್ನೂ ಕೆಲವೊಮ್ಮೆ ನಳಿಗೆಯ ತುದಿಯನ್ನೂ ಕಳೆದುಕೊಂಡು ಹಗುರವಾದ ಬೇಟೆಕೋವಿಗಳಾಗಿ ರೂಪಾಂತರ ಹೊಂದಿದುವು. ಅಂತಹ ಕೋವಿಯ ಬೆಲೆಯನ್ನು ಕೇಳುವವರು ಅದು ಯಾವುದೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಮರ ಬದಲಾಗಿರಬಹುದಾದುದರಿಂದ ಉಕ್ಕನ್ನೇ ಓದಬೇಕು.

ಬ್ರಿಟಿಷ್ ಸೈನ್ಯದಲ್ಲಿ 1907ರಲ್ಲಿ ಅಂಗೀಕೃತವಾದ ಮೂರನೆಯ ಮಾರ್ಕಿನ ಲೀ-ಎನ್‌ಫೀಲ್ಡ್ ರೈಫಲಿನಲ್ಲಿ, ಹಿಂಬದಿಯ ಮರ ಬಂದು ಕೂಡುವ ಉಕ್ಕಿನ ಭಾಗದ ಬಲಮಗ್ಗುಲಲ್ಲಿ ಕಿರೀಟ, ಅರಸನ ಅಂಕಿತಾಕ್ಷರ, ಎನ್‌ಫೀಲ್ಡ್, ಆಸ್ಟ್ರೇಲಿಯಾದ ಲಿತ್‌ಗೋ, ಬಂಗಾಳದ ಇಷಾಪುರ ಮೊದಲಾದ ಕಾರ್ಖಾನೆಗಳಲ್ಲೊಂದರ ಹೆಸರು, ತಯಾರಾದ ವರ್ಷ, ಮಾರ್ಕು ಇವೆಲ್ಲ ಕೆತ್ತಲ್ಪಟ್ಟಿರುತ್ತವೆ. ಬೋಲ್ಟಿನ ಕ್ರಮಾಂಕವು ಒಡಲಿನ (ರಿಸೀವರಿನ) ಕ್ರಮಾಂಕದೊಡನೆ ಹೊಂದದಿದ್ದರೆ ಬೆಲೆ ಕುಗ್ಗುವುದಲ್ಲದೆ, ಗುಂಡು ಹಾರಿಸುವ ಮುನ್ನ ನಿಪುಣ ಕೋವಿಗಾರನ ಪರೀಕ್ಷೆಯೂ ಅವಶ್ಯಕವಾಗುತ್ತದೆ.

ಕ್ರಮಾಂಕದ ಮಹತ್ವವನ್ನು ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ಇನ್ನೂ ಸ್ಪಷ್ಟಪಡಿಸುತ್ತದೆ. ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ 8,00,000ಕ್ಕಿಂತ ಕೆಳಗಿನ ಕ್ರಮಾಂಕದ ಒಡಲುಗಳನ್ನು ಹದಗೊಳಿಸುವಾಗ ಕಾಸಿದ ಉಕ್ಕಿನ ಬಣ್ಣವನ್ನು ಕೆಲಸಗಾರನು ಕಣ್ಣಂದಾಜಿನಿಂದಲೇ ನಿರ್ಣಯಿಸುತ್ತಿದ್ದುದರಿಂದ, ಅವುಗಳಲ್ಲಿ ಕೆಲವು ಅತಿಯಾಗಿ ಕಾದು ಪೆಡಸಾಗಿ, ಸಿಡಿದೊಡೆದುವು. ಅಂತಹದನ್ನು ಎಷ್ಟೇ ಸೊಗಸಾದ ವಾಲ್‌ನಟ್ ಮರದಲ್ಲಿ ಕೂರಿಸಿದ್ದರೂ ಹಾರಿಸದಿರುವುದೇ ವಿವೇಕ.

ಇನ್ನು ಬೆಲೆಯ ವಿಚಾರ. ಮರವನ್ನಷ್ಟೇ ಕತ್ತರಿಸಿ, ಲೀ-ಎನ್‌ಫೀಲ್ಡಿನ 25.2 ಅಂಗುಲದ ನಳಿಗೆಯನ್ನು ಮುಟ್ಟದೆ ಬಿಟ್ಟಿದ್ದರೆ, ಹಳೆಯ ಭಾಗಗಳನ್ನು ಕೂಡಿಸಿ ಪೂರ್ವರೂಪಕ್ಕೆ ತರಬಹುದು. ದೂರದರ್ಶಕವನ್ನು ಕೂರಿಸಲೆಂದು ಒಡಲಿನಲ್ಲಿ ಕೊರೆದ ರಂಧ್ರಗಳಿಗೆ ಅಂತಹ ಪರಿಹಾರವಿಲ್ಲ. ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್ ಸಂಸ್ಥೆ ಕ್ರಮಬದ್ಧವಾಗಿ ಪರಿವರ್ತಿಸಿದ ಕೋವಿಗಳು ಉಪಯೋಗಕ್ಕೆ ಒಳ್ಳೆಯವಾದರೂ ಸಾಮಾನ್ಯವಾಗಿ ಮೂಲರೂಪದ ರೈಫಲಿನ ಬೆಲೆಗೆ ಏರಲಾರವು. ಆದರೆ 1923ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ಗ್ರಿಫಿನ್ ಅಂಡ್ ಹೌ ಸಂಸ್ಥೆಯ ಕುಶಲಕರ್ಮಿಗಳು ಸ್ಪ್ರಿಂಗ್‌ಫೀಲ್ಡಿನ ಒಡಲಿಗೆ ಕಟ್ಟಿದ ಕೋವಿಗಳು ಮೂಲಕ್ಕಿಂತ ಹೆಚ್ಚಿನ ಬೆಲೆಯನ್ನೂ ಪಡೆಯಬಲ್ಲವು, ಏಕೆಂದರೆ ಅಲ್ಲಿ ಅಳಿದ ಇತಿಹಾಸದ ಸ್ಥಾನವನ್ನು ಉತ್ಕೃಷ್ಟ ಶಿಲ್ಪವು ತುಂಬಿದೆ.

ಈ ರೈಫಲುಗಳು ರಾಶಿರಾಶಿಯಾಗಿ ದೊರೆಯುತ್ತಿದ್ದ ಕಾಲದಲ್ಲಿ ಅವನ್ನು ಕತ್ತರಿಸಿದವರನ್ನು ದೂಷಿಸುವುದು ಅನ್ಯಾಯ. ಅವರಿಗೆ ಬೇಕಾಗಿದ್ದುದು ಅಗ್ಗದ, ನಂಬಿಕೆಯ ಬೇಟೆಕೋವಿ. ಆದರೆ ಮೂಲರೂಪದವು ವಿರಳವಾಗಿರುವ ಇಂದು, ಕತ್ತರಿಸದೆ ಉಳಿದಿರುವುದನ್ನು ಹಾಗೆಯೇ ಉಳಿಸುವುದು ಒಡೆಯನ ಧರ್ಮ. ಕತ್ತರಿಸಿದ್ದರಲ್ಲಿ ಹೊಳಪಿನ ಆಸೆಗೆ ಮುದ್ರೆಗಳನ್ನು ಉಜ್ಜಿ ಅಳಿಸದಿರುವುದು ಅವನ ಕನಿಷ್ಠ ಕರ್ತವ್ಯ.