ಸರಕಿನೊಡನೆ ಮಾತೂ ತೂಗಬೇಕು

ಕಾಫಿ ಮಂಡಳಿಯ ಪೂಲಿಂಗ್ ವ್ಯವಸ್ಥೆಯಲ್ಲಿ ಬೆಳೆಗಾರನು ಸರಕನ್ನು ಒಪ್ಪಿಸಿದರೆ ಸಾಕಾಗಿತ್ತು. ಕೊಳ್ಳುವವನ ಮುಖ ನೋಡುವ ಪ್ರಮೇಯವಿರಲಿಲ್ಲ. 1996ರಲ್ಲಿ ಮಾರಾಟ ಸಂಪೂರ್ಣ ಮುಕ್ತವಾದಾಗ ಮಾತನಾಡುವ ಹೊಣೆಯೂ ಮಾರುವವನದಾಯಿತು. ಆದರೂ ಮೂಡಿಗೆರೆ ತಾಲ್ಲೂಕಿನ ದೇವರಮನೆ ಸುತ್ತಿನ ಕಾಫಿಯನ್ನು ಪರಿಚಯಿಸುವಾಗ ಅನೇಕರ ಮಾತು ‘ಒಳ್ಳೆಯ ಸರಕು’ ಎಂಬಲ್ಲಿಗೇ ನಿಲ್ಲುತ್ತದೆ.

ಆತ್ಮವಿಶ್ವಾಸದ ಮಂಡನೆಗೆ ನಿರರ್ಗಳ ಇಂಗ್ಲಿಷ್‌ಗಿಂತ ಖಚಿತ ಮಾಹಿತಿ ಮುಖ್ಯ. ತಳಿ, ತೋಟದ ಎತ್ತರ, ಒಣಗಿಸಿದ ಕ್ರಮ, ತೇವಾಂಶ, ಔಟ್‌ಟರ್ನ್ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮಾದರಿಯೊಡನೆ ಮುಂದಿಡುವವನ ದನಿ ನಡುಗದು. ಮಳೆಗೆ ಸಿಕ್ಕಿದ ಮೂಟೆಗಳಿದ್ದರೆ ತಾನೇ ಮೊದಲು ತಿಳಿಸಬೇಕು. ಅಂದಿನ ದರ ತುಸು ಇಳಿದೀತು; ಮುಂದಿನ ಕೊಯ್ಲಿಗೆ ಅದೇ ಖರೀದಿದಾರ ಮರಳಿ ಬಂದಾನು.

2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಹೆಸರು ಬಾಗಿಲು ತೆರೆಸೀತು. ಸಂಬಂಧ ಉಳಿಸುವವನು ನುಡಿದಂತೆ ನಡೆಯುವ ವ್ಯಾಪಾರಿಯೇ.